ಮಂಗಳ ಹಾಡದೆ ನಿಂತ ಸ್ಪೈಡರ್‌ಮ್ಯಾನ್: ಮಗಳಿಗೆ ಯಾವುದರಿಂದ ತೋರಿಸಲಿ?

ನೀರ್ಚಾಲಿನ ಹೊಲಿಗೆ ಅಂಗಡಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಮೂರು ಸ್ಪೈಡರ್‌ಮ್ಯಾನ್ ಇದ್ದಾರೆ. ಆ ಪಾತ್ರ ಮಾಡಿದ ನಟರಲ್ಲಿ ಅಣ್ಣನಿಗೆ ಟೋಬಿ ಮಗ್ವಾಯರ್, ಮಗನಿಗೆ ಟಾಮ್ ಹಾಲಂಡ್, ನನಗೆ ಆಂಡ್ರ್ಯೂ ಗಾರ್ಫೀಲ್ಡ್ ಇಷ್ಟ. ಮಗಳಿಗೆ ಈಗ ಒಂಬತ್ತು ವರ್ಷ. ಈ ಬೇಸಗೆ ರಜೆಯಲ್ಲಿ ಅವಳಿಗೂ ತೋರಿಸಬೇಕು ಎಂದಿದ್ದೇನೆ. ಯಾವುದರಿಂದ ಶುರು ಮಾಡಲಿ? ಇದು ಒಂದು ಪ್ರಶ್ನೆ. ಇನ್ನೊಂದು ಪ್ರಶ್ನೆ ಹತ್ತು ವರ್ಷದಿಂದ ನನ್ನ ಮನಸ್ಸಿನಲ್ಲಿ ಕೂತಿದೆ.

2002ರಲ್ಲಿ ನಾನು ಹತ್ತನೇ ಕ್ಲಾಸ್ ಮುಗಿಸಿದ್ದೆ. ಅಣ್ಣ ನನ್ನನ್ನು ಕುಂಬಳೆಯಿಂದ ರೈಲು ಹತ್ತಿಸಿ ಮಂಗಳೂರಿಗೆ ಕರೆದುಕೊಂಡು ಹೋದ. ನಾನು ದೊಡ್ಡ ಪರದೆಯಲ್ಲಿ ನೋಡಿದ ಮೊದಲ ಇಂಗ್ಲಿಷ್ ಸಿನಿಮಾ ಟೋಬಿಯ ಸ್ಪೈಡರ್‌ಮ್ಯಾನ್. ಮಾತು ಅರ್ಧ ಅರ್ಥವಾಗಲಿಲ್ಲ. ಆದರೆ ಅವನ ಬೆನ್ ದೊಡ್ಡಪ್ಪ ರಸ್ತೆಯಲ್ಲಿ ಬಿದ್ದು ಸಾಯುವಾಗ ಅಣ್ಣ ಕಣ್ಣೊರೆಸಿಕೊಂಡದ್ದು ಈಗಲೂ ನೆನಪಿದೆ. ನಮ್ಮ ಅಪ್ಪ ತೀರಿಕೊಂಡು ಆಗ ಒಂದು ವರ್ಷ ಆಗಿತ್ತು.

ಆಮೇಲೆ ಅಣ್ಣ ಶಾರ್ಜಾಕ್ಕೆ ಹೋದ. 2012ರಲ್ಲಿ ಹೊಸ ಸ್ಪೈಡರ್‌ಮ್ಯಾನ್ ಬಂದ. ಹೊಸ ಹುಡುಗ, ಹೊಸ ಮನೆ, ಅದೇ ದೊಡ್ಡಪ್ಪ ಮತ್ತೆ ಸಾಯುತ್ತಾರೆ. ಅಣ್ಣ ಫೋನಿನಲ್ಲೇ ಸಿಟ್ಟು ಮಾಡಿಕೊಂಡ. "ಹತ್ತು ವರ್ಷ ಆಯಿತಷ್ಟೇ, ಪುನಃ ಅದೇ ಕಥೆಯಾ?" ಎಂದ. ನನಗೆ ಮಾತ್ರ ಈ ಹುಡುಗ ಬಹಳ ಹಿಡಿಸಿದ. 2014ರಲ್ಲಿ ಎರಡನೇ ಭಾಗ ಬಂತು. ಕೊನೆಯಲ್ಲಿ ಗಡಿಯಾರದ ಗೋಪುರದಿಂದ ಅವನ ಹುಡುಗಿ ಗ್ವೆನ್ ಕೆಳಗೆ ಬೀಳುತ್ತಾಳೆ. ಅವನು ಬಲೆ ಬಿಡುತ್ತಾನೆ, ಬಲೆ ಅವಳನ್ನು ಮುಟ್ಟುತ್ತದೆ, ಆದರೂ ಉಳಿಯುವುದಿಲ್ಲ. ಮಡಿಲಲ್ಲಿ ಮಗ ಮಲಗಿದ್ದ. ನಾನು ಸದ್ದಿಲ್ಲದೆ ಅತ್ತಿದ್ದೆ.

ಮೂರನೇ ಭಾಗಕ್ಕೆ ಕಾದೆ. ಬರಲೇ ಇಲ್ಲ. 2016ರಲ್ಲಿ ನೋಡಿದರೆ ಬೇರೆಯೇ ಹುಡುಗ, ಬೇರೆಯೇ ಗುಂಪಿನ ಜೊತೆ ಓಡಾಡುತ್ತಿದ್ದಾನೆ. ನನ್ನ ಹುಡುಗ ಎಲ್ಲಿ ಹೋದ? ಗ್ವೆನ್ ಸತ್ತ ಮೇಲೆ ಅವನು ಹೇಗೆ ಬದುಕಿದ? ಯಾರೂ ಹೇಳಲಿಲ್ಲ. ಯಕ್ಷಗಾನ ಆಟದಲ್ಲಿ ಭಾಗವತರು ಮಂಗಳ ಹಾಡದೆ ಎದ್ದು ಹೋದರೆ ಹೇಗಿರುತ್ತದೆ? ಹಾಗೆ ಅನಿಸಿತು ನನಗೆ.

ನನ್ನ ಪ್ರಶ್ನೆ ಇದು. ಕಥೆಯನ್ನು ಅರ್ಧಕ್ಕೆ ಬಿಟ್ಟು ಮೊದಲಿನಿಂದ ಯಾಕೆ ಶುರು ಮಾಡುತ್ತಾರೆ? ಈಗ ಬೇರೆ ಬೇರೆ ಸಿನಿಮಾದವರನ್ನೆಲ್ಲ ಒಂದೇ ಯೂನಿವರ್ಸಿಗೆ, ಅಂದರೆ ಒಂದೇ ಕಥಾಲೋಕಕ್ಕೆ ಸೇರಿಸುತ್ತಾರಲ್ಲ, ಅದರಿಂದ ಕಥೆಗೆ ಒಳ್ಳೆಯದಾಗುತ್ತದಾ? ತಿಳಿದವರು ದಯವಿಟ್ಟು ಹೇಳಿ.

ಮುಳ್ಳೇರಿಯದಿಂದ ಬೆಂಗಳೂರಿಗೆ

ಅಕ್ಕಾ, ಇದರ ಹಿಂದೆ ಇರುವುದು ಹೆಚ್ಚಾಗಿ ಕರಾರು. ನಮ್ಮ ಕಡೆ ಗೇರು ತೋಟ ಏಲಂ ಹಿಡಿಯುತ್ತಾರಲ್ಲ, ಹಾಗೆ ಅಂದುಕೊಳ್ಳಿ. ತೋಟ ಒಬ್ಬರದ್ದು, ಬೀಜ ಹೆಕ್ಕುವ ಹಕ್ಕು ಇನ್ನೊಬ್ಬರದ್ದು. ಸ್ಪೈಡರ್‌ಮ್ಯಾನ್ ಕಾಮಿಕ್ಸ್ ತರುವ ಮಾರ್ವೆಲ್ ಕಂಪನಿ 1996ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. ಆ ಕಷ್ಟದ ವರ್ಷಗಳಲ್ಲಿ ತನ್ನ ಒಳ್ಳೊಳ್ಳೆಯ ಪಾತ್ರಗಳ ಸಿನಿಮಾ ಹಕ್ಕನ್ನು ಬೇರೆ ಬೇರೆಯವರಿಗೆ ಕೊಟ್ಟಿತು. ಎಕ್ಸ್‌ಮೆನ್ ಎಂಬ ಸೂಪರ್‌ಹೀರೋ ಗುಂಪು ಫಾಕ್ಸ್ ಸ್ಟುಡಿಯೋದ ಕೈಯಲ್ಲಿತ್ತು. ಸ್ಪೈಡರ್‌ಮ್ಯಾನ್ 1999ರಲ್ಲಿ ಸೋನಿ ಸ್ಟುಡಿಯೋಗೆ ಹೋದ. ಹಕ್ಕು ಉಳಿಯಬೇಕಾದರೆ ಇಂತಿಷ್ಟು ವರ್ಷದೊಳಗೆ ಹೊಸ ಸಿನಿಮಾ ಬರಲೇಬೇಕು. ಇಲ್ಲದಿದ್ದರೆ ತೋಟ ವಾಪಸ್.

ಇದು ಎಲ್ಲಿಯವರೆಗೆ ಹೋಗುತ್ತದೆ ಎಂದರೆ, ಫೆಂಟಾಸ್ಟಿಕ್ ಫೋರ್ ಎಂಬ ಇನ್ನೊಂದು ಮಾರ್ವೆಲ್ ಗುಂಪಿನ ಹಕ್ಕು ಕೈ ತಪ್ಪಬಾರದೆಂದು 1992ರ ಕೊನೆಗೆ ಗಡಿಬಿಡಿಯಲ್ಲಿ ಒಂದು ಸಿನಿಮಾ ಶೂಟ್ ಮಾಡಿದರು. ರೋಜರ್ ಕಾರ್ಮನ್ ನಿರ್ಮಾಪಕರಲ್ಲಿ ಒಬ್ಬರು. ನಟರು ಪ್ರಚಾರಕ್ಕೂ ಓಡಾಡಿದರು. ಸಿನಿಮಾ ಥಿಯೇಟರಿಗೆ ಬರಲೇ ಇಲ್ಲ. ಅದರಲ್ಲಿ ಮನಸಿಟ್ಟು ದುಡಿದವರನ್ನು ನೆನೆದರೆ ನನಗೆ ಈಗಲೂ ಬೇಜಾರಾಗುತ್ತದೆ.

ಇನ್ನು ನಿಮ್ಮ ಅಣ್ಣನ ಟೋಬಿ. ನಿರ್ದೇಶಕ ಸ್ಯಾಮ್ ರೈಮಿ ನಾಲ್ಕನೇ ಭಾಗ ಮಾಡಬೇಕಿತ್ತು. 2011ರ ಮೇ ತಿಂಗಳಿಗೆ ಬಿಡುಗಡೆ ಎಂದು ಹೇಳಿಯೂ ಆಗಿತ್ತು. ಚಿತ್ರಕಥೆ ಕೂಡಿ ಬರಲಿಲ್ಲ. 2010ರ ಜನವರಿಯಲ್ಲಿ ಕೈಬಿಟ್ಟರು. ಹಾಗೆ ಆಂಡ್ರ್ಯೂ ಬಂದದ್ದು. ಆಂಡ್ರ್ಯೂನ ಕಥೆಗೆ ಏನಾಯಿತು ಎಂದರೆ, ಆ ಎರಡನೇ ಭಾಗದಲ್ಲೇ ಸೋನಿಯವರು ತಮ್ಮದೇ ಯೂನಿವರ್ಸಿಗೆ ಬೀಜ ಬಿತ್ತಲು ಹೊರಟಿದ್ದರು. ಸಿನಿಸ್ಟರ್ ಸಿಕ್ಸ್ ಅಂತ ಖಳರದ್ದೇ ಒಂದು ಸಿನಿಮಾ ಮಾಡುವವರಿದ್ದರು. ಎರಡನೇ ಭಾಗ ಅವರು ಎಣಿಸಿದಷ್ಟು ಓಡಲಿಲ್ಲ. 2015ರ ಫೆಬ್ರವರಿಯಲ್ಲಿ ಮಾರ್ವೆಲ್ ಜೊತೆ ಒಪ್ಪಂದವಾಯಿತು, ಟಾಮ್ ಹಾಲಂಡ್ ಒಳಗೆ ಬಂದ. ಹೀಗೆ ನಿಮ್ಮ ಹುಡುಗನ ಕಥೆ ನಿಂತದ್ದಕ್ಕೂ ಯೂನಿವರ್ಸಿನ ಆಸೆಯೇ ಕಾರಣ. ಮುಂದಿನ ಐದು ಸಿನಿಮಾದ ಚಿಂತೆಯಲ್ಲಿ ಕೈಯಲ್ಲಿದ್ದ ಸಿನಿಮಾ ಭಾರವಾಯಿತು.

ಮಾರ್ವೆಲ್ ಹೀಗೆ ಅವಸರ ಮಾಡಿರಲಿಲ್ಲ. 2008ರ ಐರನ್ ಮ್ಯಾನ್‌ನಿಂದ 2012ರ ಅವೆಂಜರ್ಸ್ ತನಕ ಒಬ್ಬೊಬ್ಬರನ್ನೇ ಪರಿಚಯಿಸುತ್ತಾ ಐದು ಸಿನಿಮಾ ಮಾಡಿದರು. ನಡುವೆ ಹಲ್ಕ್ ಪಾತ್ರದ ನಟನೇ ಬದಲಾದರು, ಎಡ್ವರ್ಡ್ ನಾರ್ಟನ್ ಹೋಗಿ ಮಾರ್ಕ್ ರಫಲೋ ಬಂದರು. ಕಥೆ ನಿಲ್ಲಲಿಲ್ಲ.

ಮಗಳಿಗೆ 2002ರದ್ದರಿಂದಲೇ ಶುರು ಮಾಡಿ. ಬಂದ ಸಾಲಿನಲ್ಲೇ ಹೋಗಲಿ. ಹಾಲಂಡ್‌ನ 2021ರ ನೋ ವೇ ಹೋಮ್ ಕೊನೆಗೆ ಇರಲಿ. ಅದನ್ನು ನೀವು ನೋಡಿದ್ದೀರಾ?

ಕೂಟದ ಮಾಷ್ಟ್ರು, ಕುಂಬಳೆ

ತಂಗೀ, ನೀನು ಆಟದ ಮಾತು ಎತ್ತಿದ್ದರಿಂದ ನಾನು ಬರೆಯುತ್ತಿದ್ದೇನೆ. ಶಾಲೆಯಿಂದ ನಿವೃತ್ತನಾಗಿ ಹನ್ನೊಂದು ವರ್ಷವಾಯಿತು. ಈಗ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕೂತು ಆಡುವ ಆಟದಲ್ಲಿ, ಅರ್ಥ (ಪಾತ್ರದ ಮಾತು) ಹೇಳುವುದೇ ಕೆಲಸ. ಈ ಸಿನಿಮಾಗಳನ್ನು ಮೊಮ್ಮಗನ ಜೊತೆ ಕೂತು ನೋಡುತ್ತೇನೆ.

ಪುನಃ ಹೇಳಿದ್ದು ತಪ್ಪು ಎಂದು ನಿನ್ನ ಅಣ್ಣ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಅಭಿಮನ್ಯು ಎಷ್ಟು ಸಲ ಸತ್ತಿಲ್ಲ ನಮ್ಮ ಗದ್ದೆಗಳಲ್ಲಿ? ಅವನು ಸಾಯುತ್ತಾನೆ ಎಂದು ಗೊತ್ತಿದ್ದೇ ಜನ ಚಾಪೆ ಹಿಡಿದುಕೊಂಡು ಬರುತ್ತಿದ್ದರು. ಇವತ್ತಿನ ಪುಂಡುವೇಷ, ಅಂದರೆ ಎಳೆಯ ವೀರನ ವೇಷ, ಹೇಗೆ ಕುಣಿಯುತ್ತದೆ, ದ್ರೋಣ ಏನು ಮಾತಾಡುತ್ತಾನೆ, ನೋಡುವುದು ಅದನ್ನು. ನಮ್ಮ ಊರಿನ ಪಾರ್ತಿಸುಬ್ಬ ರಾಮಾಯಣವನ್ನು ಪ್ರಸಂಗ ಮಾಡಿ ಬರೆದ. ಕಥೆ ಅವನದ್ದಲ್ಲ, ಹೇಳಿದ ಬಗೆ ಅವನದ್ದು. ದೊಡ್ಡಪ್ಪ ಎರಡು ಸಲ ಸತ್ತರೆ ನನಗೆ ಬೇಸರವಿಲ್ಲ. ಎರಡನೇ ಸಲ ಸತ್ತಾಗ ಹೊಸದಾಗಿ ಏನಾದರೂ ಹೇಳಿದರೋ, ನಾನು ಕೇಳುವುದು ಅಷ್ಟೇ. ಆದರೆ ನಿನ್ನ ಸಂಕಟ ಬೇರೆ, ಅದು ಸರಿಯಾದ ಸಂಕಟ. ಪ್ರಸಂಗ ರಾತ್ರಿ ಶುರುವಾದರೆ ಅದೇ ಬೆಳಗಿಗೆ ಮುಗಿಯಬೇಕು.

ಈಗ ಸೇರಿಸುವ ವಿಷಯ. ಜಾಂಬವತಿ ಕಲ್ಯಾಣ ನೋಡಿದ್ದೀ ಅಲ್ವಾ? ಶ್ಯಮಂತಕ ಮಣಿ ಹುಡುಕುತ್ತಾ ಕೃಷ್ಣ ಗುಹೆಗೆ ಬರುತ್ತಾನೆ. ಒಳಗಿರುವ ಮುದುಕ ಜಾಂಬವ ರಾಮಾಯಣದವನು. ರಾಮನ ಜೊತೆ ಒಮ್ಮೆ ಕೈಕೈ ಮಿಲಾಯಿಸಬೇಕೆಂಬ ಆಸೆ ಅವನಿಗೆ ಆಗಲೇ ಇತ್ತು, ತೀರಿರಲಿಲ್ಲ. ಹೊಡೆದಾಡುತ್ತಾ ಹೊಡೆದಾಡುತ್ತಾ, ಎದುರಿಗಿರುವವನೇ ತನ್ನ ರಾಮ ಎಂದು ಗುರುತು ಹಿಡಿಯುತ್ತಾನೆ. ನಾನು ಜಾಂಬವನ ಅರ್ಥ ಹೇಳುವಾಗ ಆ ಒಂದು ಮಾತಿಗೆ ಬಂದರೆ ಈ ವಯಸ್ಸಿನಲ್ಲೂ ಗಂಟಲು ಕಟ್ಟುತ್ತದೆ. ಒಂದು ಕಥೆಯಲ್ಲಿ ಬಾಕಿ ಉಳಿದದ್ದು ಇನ್ನೊಂದು ಕಥೆಯಲ್ಲಿ ತೀರಿತು. ಬಾಕಿ ಇದ್ದರೆ ಸೇರಿಸಬೇಕು. ಬಾಕಿಯೇ ಇಲ್ಲದೆ ಹನುಮಂತನನ್ನೂ ಭೀಷ್ಮನನ್ನೂ ಒಂದೇ ರಂಗಸ್ಥಳಕ್ಕೆ ತಂದರೆ ಚೆಂಡೆ ಸದ್ದು ಜಾಸ್ತಿ ಆದೀತು, ಅಷ್ಟೇ.

ಆ ಹುಡುಗ ಕೇಳಿದ ಸಿನಿಮಾ, ನೋ ವೇ ಹೋಮ್, ತಪ್ಪದೆ ನೋಡು. ನಿನ್ನ ಆಂಡ್ರ್ಯೂನ ಬಾಕಿ ಅಲ್ಲಿದೆ.

ಉಪ್ಪಳದ ನರ್ಸ್

ಮಾಷ್ಟ್ರು ಹೇಳಿದ್ದು ಚೆನ್ನಾಗಿದೆ. ನನಗೆ ಬೇರೆ ಅನುಭವ ಆಗಿದೆ, ಅದನ್ನೂ ಹೇಳುತ್ತೇನೆ. ನೈಟ್ ಡ್ಯೂಟಿ ಮಾಡುವವಳು ನಾನು. ತಿಂಗಳಿಗೆ ಒಂದು ಸಿನಿಮಾ ನೋಡಿದರೆ ಹೆಚ್ಚು. 2022ರಲ್ಲಿ ಡಾಕ್ಟರ್ ಸ್ಟ್ರೇಂಜ್ ಎರಡನೇ ಭಾಗಕ್ಕೆ ತಂಗಿಯ ಜೊತೆ ಹೋದೆ. ಅದರಲ್ಲಿ ಬರುವ ಮಾಟಗಾತಿ ವಾಂಡಾ ಯಾಕೆ ಹೀಗಾದಳು, ಆ ಇಬ್ಬರು ಮಕ್ಕಳು ಯಾರು, ಒಂದೂ ಗೊತ್ತಾಗಲಿಲ್ಲ. ವಾಂಡಾವಿಷನ್ ಸೀರೀಸ್ ನೋಡಿರಬೇಕಂತೆ, ಒಂಬತ್ತು ಕಂತು. ಟಿಕೆಟ್ ದುಡ್ಡು ಕೊಟ್ಟು ಬಂದವರಿಗೆ ಆ ಒಂದು ರಾತ್ರಿಯಲ್ಲೇ ಕಥೆ ತಿಳಿಯಬೇಕು. ಮಾಷ್ಟ್ರೇ, ಜಾಂಬವತಿ ಕಲ್ಯಾಣಕ್ಕೆ ಬಂದವರಿಗೆ ರಾಮಾಯಣ ಗೊತ್ತಿರುತ್ತದೆ, ಅಜ್ಜಿ ಹೇಳಿರುತ್ತಾರೆ. ಇವುಗಳನ್ನು ನಮಗೆ ಯಾವ ಅಜ್ಜಿಯೂ ಹೇಳಲಿಲ್ಲ.

ಮಂಗಳ ಹಾಡಿದ ಮೇಲೂ ಬಿಡದೆ ಇರುವುದು ನನಗೆ ಇನ್ನೂ ದುಃಖ. 2017ರ ಲೋಗನ್‌ನಲ್ಲಿ ಎಕ್ಸ್‌ಮೆನ್ ಗುಂಪಿನ ವುಲ್ವರಿನ್ ಸತ್ತ. ಹದಿನೇಳು ವರ್ಷ ಒಬ್ಬನೇ ನಟ ಮಾಡಿದ ಪಾತ್ರ. ಆ ಪುಟ್ಟ ಹುಡುಗಿ ಗೋರಿಯ ಮೇಲಿನ ಶಿಲುಬೆಯನ್ನು ಓರೆ ಮಾಡಿ ಎಕ್ಸ್ ಅಕ್ಷರ ಮಾಡಿ ಹೋಗುತ್ತಾಳೆ. ಸಾವು ನೋಡಿ ಅಭ್ಯಾಸ ಇರುವ ನಾನೂ ಅಲ್ಲಿ ಅತ್ತಿದ್ದೇನೆ. 2024ರಲ್ಲಿ ಡೆಡ್‌ಪೂಲ್ ಬಂದು ಅದೇ ಗೋರಿ ಅಗೆದ, ಆ ಎಲುಬಿನಿಂದಲೇ ಹೊಡೆದಾಡಿದ. ಥಿಯೇಟರ್ ಪೂರ್ತಿ ನಗುತ್ತಿತ್ತು. ನನ್ನಿಂದ ಆಗಲಿಲ್ಲ.

ಹೊಂದಿಕೊಂಡದ್ದೂ ನೋಡಿದ್ದೇನೆ. 2025ರ ಓಣಂ ಸಮಯದಲ್ಲಿ ಬಂದ ಮಲಯಾಳಂನ ಲೋಕಃ ಹಾಗಿದೆ. ಕಳ್ಳಿಯಂಕಾಟ್ಟು ನೀಲಿ ಎಂಬ ಯಕ್ಷಿಯ ಕಥೆಯನ್ನು ಬೆಂಗಳೂರಿಗೆ ತಂದಿದ್ದಾರೆ. ಚಾತ್ತನ್ ಕೂಡ ಬರುತ್ತಾನೆ. ಇವರೆಲ್ಲ ಕೇರಳದ ಅಜ್ಜಿಕಥೆಗಳಲ್ಲಿ ಮೊದಲಿನಿಂದಲೂ ಅಕ್ಕಪಕ್ಕದ ಮನೆಯವರೇ. ನಾನು ಶಾಲೆಯಲ್ಲಿ ಮಲಯಾಳಿ ಗೆಳತಿಯರ ಬಾಯಲ್ಲಿ ನೀಲಿಯ ಕಥೆ ಕೇಳಿದ್ದೆ. ಅಲ್ಲಿ ನನಗೆ ಯಾರೂ ಪರಿಚಯ ಹೇಳಬೇಕಾಗಲಿಲ್ಲ.

ಮುಳ್ಳೇರಿಯದಿಂದ ಬೆಂಗಳೂರಿಗೆ

ಉಪ್ಪಳದ ಅಕ್ಕ ಹೇಳಿದ್ದು ನಿಜ. ಮಾಷ್ಟ್ರೇ, ನಿಮ್ಮ ಬಾಕಿ ಎಂಬ ಮಾತು ಓದಿದ ಮೇಲೆ ಡಿಸಿ ಕಂಪನಿಯ 2023ರ ದ ಫ್ಲಾಶ್ ಸಿನಿಮಾ ನನಗೆ ಯಾಕೆ ಹಿಡಿಸಲಿಲ್ಲ ಎಂದು ಗೊತ್ತಾಯಿತು. 1989ರ ಬ್ಯಾಟ್‌ಮ್ಯಾನ್ ಮೈಕೆಲ್ ಕೀಟನ್ ಅವರನ್ನು ಮತ್ತೆ ಕರೆತಂದರು. ತೀರಿಹೋದ ಕ್ರಿಸ್ಟೋಫರ್ ರೀವ್ ಅವರ ಮುಖವನ್ನು ಕಂಪ್ಯೂಟರಿನಲ್ಲಿ ಮಾಡಿ ತೋರಿಸಿದರು. ಅವರ ಸೂಪರ್‌ಮ್ಯಾನ್ ಅಲ್ಲಿ ಏನೂ ಮಾಡುವುದಿಲ್ಲ, ಸುಮ್ನೆ ನಿಂತು ನೋಡುತ್ತಾನೆ. ಯಾವ ಬಾಕಿಯೂ ತೀರಲಿಲ್ಲ. ಅದೇ ಡಿಸಿಯವರ ಬ್ಯಾಟ್‌ಗರ್ಲ್ ಸಿನಿಮಾ ಶೂಟಿಂಗ್ ಮುಗಿದು ಎಡಿಟಿಂಗ್‌ನಲ್ಲಿತ್ತು. 2022ರ ಆಗಸ್ಟ್‌ನಲ್ಲಿ ಮೂಲೆಗೆ ಹಾಕಿದರು. ಅದಕ್ಕೆ ಮಂಗಳ ಬಿಡಿ, ಆಟದ ಮೊದಲಿನ ಸಭಾಲಕ್ಷಣವೂ ಆಗಲಿಲ್ಲ.

ಈಗ ಸ್ವಲ್ಪ ಕಲಿತಿದ್ದಾರೆ ಅನಿಸುತ್ತದೆ. 2025ರ ಜುಲೈಯಲ್ಲಿ ಎರಡು ರೀಬೂಟ್, ಅಂದರೆ ಹೊಸದಾಗಿ ಶುರು ಮಾಡಿದ ಸಿನಿಮಾ ಬಂತು, ಸೂಪರ್‌ಮ್ಯಾನ್ ಮತ್ತು ಫೆಂಟಾಸ್ಟಿಕ್ ಫೋರ್. ಎರಡರಲ್ಲೂ ಶಕ್ತಿ ಹೇಗೆ ಬಂತು ಎಂಬ ಹಳೆಯ ಕಥೆಯನ್ನು ಉದ್ದಕ್ಕೆ ಹೇಳಲಿಲ್ಲ. ಹಿಂದಿನ ಯಾವುದನ್ನೂ ನೋಡದೆ ಹೋಗಿ ಕೂರಬಹುದು. ಉಪ್ಪಳದ ಅಕ್ಕನಿಗೆ ಅವು ಆಗಬಹುದು.

ನೀರ್ಚಾಲಿನ ಹೊಲಿಗೆ ಅಂಗಡಿ

ಎಲ್ಲರಿಗೂ ತುಂಬಾ ಉಪಕಾರ ಆಯಿತು. ಶಾಲೆ ಶುರುವಾಗುವ ಮೊದಲು ಯೂನಿಫಾರ್ಮ್ ಹೊಲಿಗೆ ರಾಶಿ ಇತ್ತು, ಹಾಗಾಗಿ ಉತ್ತರ ಬರೆಯಲು ಮೂರು ವಾರ ಹೋಯಿತು.

ನೋ ವೇ ಹೋಮ್ ನಾನು ನೋಡಿರಲಿಲ್ಲ. ಮಗ ಅವನ ಮಾವನ ಜೊತೆ ನೋಡಿದ್ದ. "ನೀನೂ ನೋಡಮ್ಮ" ಎಂದು ಎಷ್ಟೋ ಸಲ ಹೇಳಿದ್ದ. ಹಾಲಂಡ್‌ನ ಸಿನಿಮಾ ತಾನೇ ಎಂದು ನಾನು ದೂರ ಇಟ್ಟಿದ್ದೆ. ನನ್ನ ಹುಡುಗನ ಜಾಗಕ್ಕೆ ಬಂದವನು ಎಂಬ ಬೇಸರ ಒಳಗೆ ಇತ್ತು.

ಅದಕ್ಕೆ ಮೊದಲು ಏಳು ಸಿನಿಮಾ ನೋಡಬೇಕಾಯಿತು. ಉಪ್ಪಳದ ತಂಗಿ ಹೇಳಿದ ಕಷ್ಟ ಇದರಲ್ಲೂ ಇದೆ, ಸುಳ್ಳಲ್ಲ. ರಜೆ ಇಲ್ಲದಿದ್ದರೆ ನಮ್ಮಿಂದ ಆಗುತ್ತಿರಲಿಲ್ಲ. ಆದರೆ ಮಗಳಿಗೆ ನಾನೇ ಅಜ್ಜಿಯ ಹಾಗೆ ಕೂತು ಹೇಳಿದೆ. ಇವನ ದೊಡ್ಡಪ್ಪ ಹೇಗೆ ಹೋದರು, ಅವನ ಗೆಳೆಯ ಯಾಕೆ ಶತ್ರು ಆದ, ಎಲ್ಲಾ. 2002ರ ಸಿನಿಮಾ ನೋಡುವ ದಿನ ಅಣ್ಣ ಶಾರ್ಜಾದಿಂದ ವಿಡಿಯೋ ಕಾಲ್ ಮಾಡಿ ಪೂರ್ತಿ ಜೊತೆಗಿದ್ದ. ಫೋನನ್ನು ನೀರಿನ ಚೊಂಬಿಗೆ ಒರಗಿಸಿ ಇಟ್ಟಿದ್ದೆವು. ದೊಡ್ಡಪ್ಪ ಸಾಯುವ ಹೊತ್ತಿಗೆ ಅವನು ಫೋನಿನ ಮುಖವನ್ನು ಮೇಲಕ್ಕೆ ತಿರುಗಿಸಿದ. ನಮಗೆ ಅವನ ಕೋಣೆಯ ಫ್ಯಾನ್ ಮಾತ್ರ ಕಾಣುತ್ತಿತ್ತು. ಎರಡನೇ ದೊಡ್ಡಪ್ಪ ಸತ್ತ ದಿನ ಮಗಳು, "ಇದು ಇವನ ದೊಡ್ಡಪ್ಪ ಅಲ್ವಾ, ಅದು ಅವನ ದೊಡ್ಡಪ್ಪ" ಎಂದಳು. ಅವಳಿಗೆ ಗೊಂದಲವೇ ಇರಲಿಲ್ಲ. ಮಾಷ್ಟ್ರೇ, ನೀವು ಹೇಳಿದ್ದೇ ಸರಿ.

ಗ್ವೆನ್ ಬಿದ್ದ ರಾತ್ರಿ ಮಗಳು ಒಂದೂ ಮಾತಾಡಲಿಲ್ಲ. ಅತ್ತೆಯ ಹತ್ತಿರ ಹೋಗಿ ಮಲಗಿದಳು. ಮರುದಿನ ದೋಸೆ ತಿನ್ನುವಾಗ, "ಬಲೆ ಸಿಕ್ಕಿತ್ತಲ್ಲಮ್ಮ, ಮತ್ತೆ ಯಾಕೆ ಸತ್ತಳು?" ಎಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಳೆದ ಭಾನುವಾರ ಕೊನೆಯದ್ದು ನೋಡಿದೆವು. ಕರೆಂಟು ಹೋಗಿ ಅರ್ಧ ಗಂಟೆ ಕಾಯಬೇಕಾಯಿತು. ಆಂಡ್ರ್ಯೂ ಒಳಗೆ ಬಂದಾಗ ನಾನು ಎದ್ದು ನಿಂತೇ ಬಿಟ್ಟೆ. ಅವನು ಗ್ವೆನ್ ಹೋದ ಮೇಲಿನ ತನ್ನ ವರ್ಷಗಳ ಬಗ್ಗೆ ಎರಡೇ ಮಾತು ಹೇಳುತ್ತಾನೆ. ಸಿಟ್ಟು ಜಾಸ್ತಿಯಾಯಿತು, ಹೊಡೆಯುವಾಗ ಕೈ ತಡೆಯಲಿಲ್ಲ ಎಂದು. ನಾನು ಇಷ್ಟು ವರ್ಷ ಕೇಳಿದ್ದು ಅದನ್ನೇ. ಆಮೇಲೆ ಆ ದೊಡ್ಡ ಪ್ರತಿಮೆಯ ಮೇಲಿಂದ ಹಾಲಂಡ್‌ನ ಹುಡುಗಿ ಎಂಜೆ ಬೀಳುತ್ತಾಳೆ. ಹಾಲಂಡ್‌ನ ಕೈಗೆ ಸಿಗುವುದಿಲ್ಲ. ಹಾರುವುದು ಆಂಡ್ರ್ಯೂ. ಅವಳನ್ನು ಹಿಡಿದು ಮೆಲ್ಲಗೆ ನೆಲಕ್ಕೆ ಇಳಿಸಿ, ಏನೂ ಆಗಲಿಲ್ಲ ಅಲ್ವಾ ಎಂದು ಕೇಳುವಾಗ ಅವನ ಮುಖವೇ ಬೇರೆ ಆಗುತ್ತದೆ. ಅವಳು ಬೇರೆಯವನ ಹುಡುಗಿ, ಬೇರೆ ಲೋಕದವಳು. ಆದರೂ ಅಳುವುದು ಇವನು.

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದೆ. ಮಗಳು ನನ್ನ ಕೈ ಎಳೆದು ಸರಿಸಿದಳು. "ಅಮ್ಮಾ ನೋಡು, ಈ ಸಲ ಸಿಕ್ಕಿದಳು" ಎಂದಳು.