ನಮ್ಮತ್ತೆಯ ಲೂಯಿಜಿ ಗೊಂಬೆ ಟ್ಯಾಪ್ ಆಗ್ತಿಲ್ಲ. ಮ್ಯಾಗ್ನೆಟ್ ಅಂಟಿಸಿದ್ದಕ್ಕೆ ಚಿಪ್ ಅಳಿಸಿ ಹೋಯ್ತಾ?

ಸೇಡಂರೋಡ್_ಸೊಸೆ (ಕಲಬುರಗಿ):

ಎಲ್ಲರಿಗೂ ಶರಣು. ನಾನು ಗೇಮ್ ಆಡುವವಳಲ್ಲ, ಅತ್ತೆಯ ಪರವಾಗಿ ಸೋಲುವವಳು. ಅದೇನು ಅಂತ ಮುಂದೆ ಹೇಳ್ತೀನಿ. ಪದ ತಪ್ಪಿದರೆ ನಗಬೇಡಿ.

ನಮ್ಮ ಮೈದುನ ಅಮೆರಿಕದಿಂದ ವಾಪಸ್ ಬರುವಾಗ ತನ್ನ ಹಳೆ ವೀ ಯು ಸೆಟ್ (ಟಿವಿಗೆ ಹಚ್ಚಿ ಆಡುವ ನಿಂಟೆಂಡೊ ಗೇಮ್ ಯಂತ್ರ) ತಂದು ಮಕ್ಕಳಿಗೆ ಕೊಟ್ಟ. ಮಾರಿಯೊ ಪಾರ್ಟಿ 10 ಡಿಸ್ಕು, ನಾಲ್ಕು ರಿಮೋಟು, ಜೊತೆಗೆ ಮೂರು ಅಮೀಬೊ ಗೊಂಬೆ, ಅಂದರೆ ಪೀಠದೊಳಗೆ ಚಿಪ್ ಇರುವ ಗೇಮ್ ಗೊಂಬೆ. ಮಾರಿಯೊ ನನ್ನ ಮಗಳಿಗೆ ಹೋಯ್ತು, ಯೋಶಿ ಮಗನಿಗೆ. ಲೂಯಿಜಿ ಯಾರಿಗೂ ಬೇಡವಾಗಿತ್ತು. ಅದನ್ನ ನಮ್ಮತ್ತೆ ಎತ್ತಿಕೊಂಡರು. ಎತ್ತರದ ಆಳು, ದಪ್ಪ ಮೀಸೆ, ತಲೆ ಮೇಲೆ ಟೋಪಿ. "ಇಂವ ನಮ್ಮೂರ ಗೌಡ ಇದ್ದಂಗ ಇದ್ದಾನ" ಅಂದರು. ಅವತ್ತಿಂದ ಮನೆಯಲ್ಲಿ ಯಾರೂ ಲೂಯಿಜಿ ಅನ್ನಲ್ಲ. ಗೌಡ ಅಂತಲೇ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಆ ಡಿಸ್ಕಿನಲ್ಲಿ ಅಮೀಬೊ ಪಾರ್ಟಿ ಅಂತ ಒಂದು ಆಟ ಇದೆ. ಟಿವಿಯಲ್ಲಿ ಚೌಕದ ಹಾದಿ, ನಮ್ಮ ಚೌಕಾಬಾರ ನೆನಪಾಗುತ್ತೆ. ಸರದಿ ಬಂದಾಗ ಗೊಂಬೆಯನ್ನ ಗೇಮ್‌ಪ್ಯಾಡಿನ (ಪರದೆ ಇರುವ ದೊಡ್ಡ ರಿಮೋಟು) ಎಡಗಡೆ ಕೆಳಗಿರುವ ಗುರುತಿಗೆ ಮುಟ್ಟಿಸಬೇಕು. ದಾಳ ಬೀಳುತ್ತೆ, ಟಿವಿಯಲ್ಲಿ ಅದೇ ಗೊಂಬೆ ನಡೆಯುತ್ತೆ. ನಡುನಡುವೆ ಚಿಕ್ಕ ಚಿಕ್ಕ ಪಂದ್ಯ.

ನಮ್ಮತ್ತೆಗೆ 71 ವರ್ಷ. ರಿಮೋಟ್ ಕೊಟ್ಟರೆ ಒಂದು ಬಟನ್ ಒತ್ತಲು ಹೋಗಿ ಮೂರು ಒತ್ತುತ್ತಾರೆ. ಆದರೆ ಗೊಂಬೆ ಕೊಟ್ಟು ನೋಡಿ. ಎರಡೂ ಅಂಗೈ ನಡುವೆ ಇಟ್ಟು ಕವಡೆ ಉಜ್ಜಿದ ಹಾಗೆ ಉಜ್ಜುತ್ತಾರೆ. ಒಮ್ಮೆ ಊದುತ್ತಾರೆ. "ಬಾ ಗೌಡಾ, ಆರು ಬೀಳಸು" ಅಂತ ಟಪ್ ಅಂತ ಮುಟ್ಟಿಸುತ್ತಾರೆ. ಪಂದ್ಯ ಬಂದ ಕೂಡಲೇ ರಿಮೋಟು ನನ್ನ ಕೈಗೆ. "ಆಟ ನೀ ಆಡು, ದಾಳ ನಂದು." ಸೋತರೆ ಬೈಗುಳವೂ ನನಗೇ.

ಈಗ ವಿಷಯಕ್ಕೆ ಬರ್ತೀನಿ. ಹೋದ ವಾರ ನಾದಿನಿ ತನ್ನ ಕೂಸನ್ನ ಕರ್ಕೊಂಡು ಬಂದಿದ್ದಳು. ಅಂಬೆಗಾಲಿಡುವ ಕೂಸು, ಸಿಕ್ಕಿದ್ದೆಲ್ಲ ಬಾಯಿಗೆ. ಆಯಿಯ ಗೌಡ ಕೂಸಿನ ಕೈಗೆ ಸಿಗಬಾರದು ಅಂತ ನನ್ನ ಮಗ ಒಂದು ಉಪಾಯ ಮಾಡಿದ. ಕೆಟ್ಟ ಸ್ಪೀಕರ್ ಬಿಚ್ಚಿ, ಅದರ ದುಂಡಗಿನ ಮ್ಯಾಗ್ನೆಟ್ ತೆಗೆದು, ಗೊಂಬೆಯ ಪೀಠದ ಕೆಳಗೆ ಫೆವಿಕ್ವಿಕ್ ಹಾಕಿ ಅಂಟಿಸಿ, ಕಬ್ಬಿಣದ ಅಲಮಾರಿಯ ಬಾಗಿಲಿಗೆ ಎತ್ತರದಲ್ಲಿ ಅಂಟಿಸಿಬಿಟ್ಟ. ಎಂಟು ವರ್ಷದ ಹುಡುಗನ ಬುದ್ಧಿ, ಬೈಯಲೂ ಮನಸ್ಸು ಬರಲಿಲ್ಲ.

ಕೂಸು ಊರಿಗೆ ಹೋಯ್ತು. ರಾತ್ರಿ ಕೂಲರ್ ಮುಂದೆ ಎಲ್ಲರೂ ಆಟಕ್ಕೆ ಕೂತೆವು. ಗೌಡ ಟ್ಯಾಪ್ ಆಗಲೇ ಇಲ್ಲ. ಹತ್ತು ಸಲ ಮುಟ್ಟಿಸಿದರೂ ಪ್ಯಾಡು ಸುಮ್ನೆ. ಮಾರಿಯೊ, ಯೋಶಿ ಸರಿಯಾಗಿವೆ. ಗೌಡನೊಳಗೆ ಅತ್ತೆ ಗೆದ್ದ ಟೋಕನ್ ಎಲ್ಲ ಇದ್ದವು. ಮ್ಯಾಗ್ನೆಟ್‌ನಿಂದ ಎಲ್ಲ ಅಳಿಸಿ ಹೋಗಿದೆ ಅಂತ ಮಗಳು ಹೇಳಿದ್ದೇ ತಡ, ಮಗ ಅಳೋಕೆ ಶುರು ಮಾಡಿದ. ಅತ್ತೆ ಏನೂ ಅನ್ನಲಿಲ್ಲ, ಎದ್ದು ಹೋಗಿ ಮಲಗಿದರು. ಅದೇ ನನಗೆ ಜಾಸ್ತಿ ಬೇಜಾರು.

ಮ್ಯಾಗ್ನೆಟ್‌ನಿಂದ ನಿಜವಾಗಿ ಅಳಿಸಿ ಹೋಗುತ್ತಾ? ಕಿತ್ತರೆ ಗೊಂಬೆ ಒಡೆಯುತ್ತಾ? ಹೊಸದು ಕೊಳ್ಳೋದಾದರೆ ಇದರ ಬದಲು ನಿಂಟೆಂಡೊ ಸ್ವಿಚ್ ಅನ್ನೋ ಹೊಸ ಗೇಮ್ ಯಂತ್ರ ಕೊಂಡರೆ ಇದೇ ಗೊಂಬೆ, ಇದೇ ಆಟ ಅದರಲ್ಲಿ ನಡೆಯುತ್ತಾ?

---

ಬಿದ್ರಿ_ಬಾಬು (ಬೀದರ್):

ಅಕ್ಕಾರೆ, ಬೇಜಾರಾಗಬೇಡಿ, ಆದರೆ ಹೋಯ್ತು ಅಂತಲೇ ತಿಳ್ಕೊಳ್ಳಿ. ಸ್ಪೀಕರ್ ಮ್ಯಾಗ್ನೆಟ್ ಅಂದ್ರೆ ಸಣ್ಣದಲ್ಲ. ನಾವು ಹುಡುಗರಿದ್ದಾಗ ಟೇಪ್ ಕ್ಯಾಸೆಟ್ಟನ್ನ ಸ್ಪೀಕರ್ ಮೇಲೆ ಇಟ್ಟು ಹಾಡೆಲ್ಲ ಹಾಳು ಮಾಡಿಕೊಂಡಿದ್ದು ನೆನಪಿದೆ. ಇದೂ ಅದೇ ಕಥೆ.

ಖಾಲಿ ಎನ್‌ಎಫ್‌ಸಿ (ಮುಟ್ಟಿಸಿದರೆ ಓದುವ ಚಿಪ್ಪಿನ) ಸ್ಟಿಕ್ಕರ್ ಸಿಗುತ್ತೆ, ಅದಕ್ಕೆ ಗೊಂಬೆಯ ಕಾಪಿ ಹಾಕಿಕೊಡುವವರು ಇದ್ದಾರೆ. ರೊಕ್ಕ ಕಡಿಮೆ.

---

ವೈಂಡಿಂಗ್_ವಾಲಾ (ಕಲಬುರಗಿ):

ಬಾಬು ಅಣ್ಣಾ, ಅರ್ಧ ಸರಿ, ಅರ್ಧ ತಪ್ಪು. ಆ ತಪ್ಪು ಅರ್ಧಕ್ಕೆ ಒಬ್ಬ ಹುಡುಗ ಅಳ್ತಾ ಕೂತಿದ್ದಾನೆ.

ನನ್ನದು ಗಂಜ್ ಕಡೆ ಮೋಟರ್ ವೈಂಡಿಂಗ್ ಕೆಲಸ. ಗೇಮ್ ಗೊತ್ತಿಲ್ಲ, ಕಾಯಿಲ್ (ತಂತಿಯ ಸುರುಳಿ) ಗೊತ್ತು. ಕ್ಯಾಸೆಟ್ಟಿನಲ್ಲಿ, ಹಳೆ ಎಟಿಎಂ ಕಾರ್ಡಿನ ಕಪ್ಪು ಪಟ್ಟಿಯಲ್ಲಿ ಬರೆಯೋದೇ ಮ್ಯಾಗ್ನೆಟ್‌ನಿಂದ. ಅದಕ್ಕೆ ಮ್ಯಾಗ್ನೆಟ್‌ನಿಂದ ಅಳಿಸುತ್ತೆ. ಅಮೀಬೊ ಹಾಗಲ್ಲ. ಅದರಲ್ಲಿ ಇರೋದು ಎನ್‌ಟ್ಯಾಗ್ 215 ಅನ್ನೋ ಚಿಪ್. ಒಟ್ಟು 540 ಬೈಟ್ ಜಾಗ. ಒಂದು ಉದ್ದನೆಯ ಮೆಸೇಜಿನಷ್ಟೂ ಇಲ್ಲ. ಅದರಲ್ಲಿ ಬರೆದದ್ದು ವಿದ್ಯುತ್ ಚಾರ್ಜಿನ ರೂಪದಲ್ಲಿ ಕೂತಿರುತ್ತೆ, ಪೆನ್ ಡ್ರೈವಿನ ಹಾಗೆ. ಸ್ಪೀಕರ್ ಮ್ಯಾಗ್ನೆಟ್ ಅದನ್ನ ಮುಟ್ಟಲಾರದು.

ಮತ್ತೆ ಯಾಕೆ ಓದಲ್ಲ ಅಂದರೆ, ಗೊಂಬೆಯಲ್ಲಿ ಸೆಲ್ ಇದೆಯಾ? ಇಲ್ಲ. ಅದಕ್ಕೆ ಕರೆಂಟ್ ಎಲ್ಲಿಂದ ಬರಬೇಕು? ಪ್ಯಾಡಿನೊಳಗೆ ಒಂದು ಕಾಯಿಲ್ ಇದೆ, ಗೊಂಬೆಯ ಪೀಠದೊಳಗೆ ಇನ್ನೊಂದು. ಒಂದು ಪ್ರೈಮರಿ, ಅಂದ್ರೆ ಕರೆಂಟ್ ಕೊಡೋದು. ಒಂದು ಸೆಕೆಂಡರಿ, ಅಂದ್ರೆ ತಗೊಳ್ಳೋದು. ಟ್ರಾನ್ಸ್‌ಫಾರ್ಮರ್ ಅಷ್ಟೇ, ನಡುವೆ ಕಬ್ಬಿಣದ ಕೋರ್ ಇಲ್ಲ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ತಿರುಗಿದರೆ ಇದು 1 ಕೋಟಿ 35 ಲಕ್ಷಕ್ಕೂ ಹೆಚ್ಚು ಸಲ ತಿರುಗುತ್ತೆ, 13.56 ಮೆಗಾಹರ್ಟ್ಸ್. ಪ್ಯಾಡಿನ ಕಾಯಿಲ್‌ನಿಂದ ಬರುವ ಶಕ್ತಿಯಿಂದಲೇ ಚಿಪ್ ಎದ್ದು ಮಾತಾಡುತ್ತೆ. ಆ ಎರಡು ಕಾಯಿಲ್ ನಡುವೆ ನೀವು ಲೋಹದ ಬಿಲ್ಲೆ ಇಟ್ಟಿದ್ದೀರಿ. ಬಿಲ್ಲೆಯಲ್ಲೇ ಕರೆಂಟು ಸುತ್ತಿ ಮುಗಿದು ಹೋಗುತ್ತೆ, ಗೊಂಬೆಗೆ ಉಳಿಯೋದೇ ಇಲ್ಲ. ಅಂದರೆ ಗೌಡರು ಸತ್ತಿಲ್ಲ, ಬಾಗಿಲು ಹಾಕಿದೆ ಅಷ್ಟೆ.

ಬಿಲ್ಲೆ ತೆಗೆದ ಮೇಲೆ ನೋಡಿ. ಪ್ಯಾಡಿಗೆ ಹಚ್ಚುವ ಮೊದಲು ಎನ್‌ಎಫ್‌ಸಿ ಇರುವ ಆಂಡ್ರಾಯ್ಡ್ ಫೋನಿದ್ದರೆ ಟ್ಯಾಗ್‌ಇನ್ಫೊ ಅನ್ನೋ ಆ್ಯಪ್ ಹಾಕಿ, ಫೋನಿನ ಬೆನ್ನಿಗೆ ಗೊಂಬೆಯ ಪೀಠ ಹಚ್ಚಿ. ಎನ್‌ಟ್ಯಾಗ್ 215 ಅಂತ ತೋರಿಸಿದರೆ ಚಿಪ್ ಚೆನ್ನಾಗಿದೆ. ಓದೋದು ಮಾತ್ರ ಮಾಡಿ. ಬರೆಯೋಕೆ ಹೋಗಬೇಡಿ.

ಇನ್ನೊಂದು ಮಾತು ಕೇಳ್ತೀನಿ. ಸೆಟ್ ಅಮೆರಿಕದ್ದು ಅಂದ್ರಿ. ಅಡಾಪ್ಟರ್ ಯಾವುದಕ್ಕೆ ಹಾಕಿದ್ದೀರಿ?

---

ಸೇಡಂರೋಡ್_ಸೊಸೆ:

ಅಯ್ಯೋ ಅಣ್ಣಾರ, ಅದನ್ನ ಯಾಕೆ ಕೇಳ್ತೀರಿ! ಬಂದ ಮೊದಲನೇ ದಿನ ನಮ್ಮ ಯಜಮಾನರು ಪಿನ್ನಿಗೆ ಒಂದು ಕನ್ವರ್ಟರ್ ಹಾಕಿ ನೇರ ಪ್ಲಗ್ಗಿಗೆ ತುರುಕಿದರು. ಠಪ್ ಅಂತು. ಸುಟ್ಟ ವಾಸನೆ. ಅಡಾಪ್ಟರ್ ಮೇಲೆ 120 ವೋಲ್ಟ್ ಅಂತ ಬರೆದಿದ್ದನ್ನ ಆಮೇಲೆ ಕನ್ನಡಕ ಹಾಕ್ಕೊಂಡು ಓದಿದರು. ಮೈದುನ ಫೋನಿನಲ್ಲೇ ನಕ್ಕ. ಬೇರೆ ಅಡಾಪ್ಟರ್ ತರಿಸಿ, ಸೂಪರ್ ಮಾರ್ಕೆಟ್ ಕಡೆಯಿಂದ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಂದು ಅದರ ಮೇಲೆ ನಡೆಸ್ತಿದ್ದೇವೆ. ಗೇಮ್‌ಪ್ಯಾಡಿನ ಚಾರ್ಜರೂ ಅದರಲ್ಲೇ. ಸೆಟ್ ಉಳಿದಿದ್ದೇ ಪುಣ್ಯ.

ಬಾಗಿಲು ಹಾಕಿದೆ ಅಷ್ಟೆ ಅನ್ನೋ ಮಾತು ಮಗನಿಗೆ ಓದಿ ಹೇಳಿದೆ. ಆಗ ಊಟ ಮಾಡಿದ.

---

ವೈಂಡಿಂಗ್_ವಾಲಾ:

ಟ್ರಾನ್ಸ್‌ಫಾರ್ಮರ್ 200 ವ್ಯಾಟಿಗೆ ಕಡಿಮೆ ಇರಬಾರದು. ಸೆಟ್ಟಿನ ಅಡಾಪ್ಟರ್ 15 ವೋಲ್ಟು, 5 ಆಂಪಿಯರ್ ಕೊಡುತ್ತೆ, ಅಂದರೆ 75 ವ್ಯಾಟ್. ಸಣ್ಣದು ಹಾಕಿದರೆ ಈ ಬಿಸಿಲಿಗೆ ಬೇಗ ಕಾಯುತ್ತೆ. ಕೈ ಹಚ್ಚಿ ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಬದಲಾಯಿಸಿ.

---

ಶಹಾಪುರ_ಹುಡುಗ (ಯಾದಗಿರಿ ಜಿಲ್ಲೆ):

ಅಕ್ಕಾ, ಮ್ಯಾಗ್ನೆಟ್ ಕೀಳೋಕೆ ಚಾಕು ಹಾಕಬೇಡಿ. ಪೀಠದೊಳಗಿನ ತಂತಿ ಕೂದಲಿನಷ್ಟು ತೆಳು, ತುಂಡಾದರೆ ಆಗ ನಿಜವಾಗಿ ಹೋಯ್ತು. ನೇಲ್ ಪಾಲಿಶ್ ರಿಮೂವರ್ ಕೂಡ ಬೇಡ. ಫೆವಿಕ್ವಿಕ್ ಕರಗುತ್ತೆ, ಜೊತೆಗೆ ಪೀಠದ ಪ್ಲಾಸ್ಟಿಕ್ಕೂ ಬಣ್ಣವೂ ಕರಗುತ್ತೆ.

ಫ್ರೀಜರಿನಲ್ಲಿ ಇಡಿ. ಈ ಥರದ ಅಂಟು ತಣ್ಣಗಾದರೆ ಗಾಜಿನ ಹಾಗೆ ಪೆಡಸಾಗುತ್ತೆ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎರಡು ಮೂರು ಗಂಟೆ. ತೆಗೆದ ಕೂಡಲೇ ಮ್ಯಾಗ್ನೆಟ್ಟನ್ನ ಪಕ್ಕಕ್ಕೆ ತಿರುಚಿ, ಮೇಲಕ್ಕೆ ಎಳೆಯಬೇಡಿ. ಬರದಿದ್ದರೆ ಮತ್ತೆ ಇಡಿ. ನನ್ನ ಸ್ಕೈಲ್ಯಾಂಡರ್ಸ್ (ಇಂಥದ್ದೇ ಚಿಪ್ಪಿನ ಇನ್ನೊಂದು ಗೇಮ್) ಗೊಂಬೆಯ ಮುರಿದ ರೆಕ್ಕೆ ತಪ್ಪಾಗಿ ಅಂಟಿಸಿದ್ದನ್ನ ಹೀಗೇ ಬಿಡಿಸಿದ್ದೆ. ಒಣಗಿದ ಮೇಲೆ ಟ್ಯಾಪ್ ಮಾಡಿ, ಒದ್ದೆ ಇದ್ದಾಗ ಬೇಡ.

ಸ್ವಿಚ್ ಪ್ರಶ್ನೆಗೆ: ಗೊಂಬೆ ಸ್ವಿಚ್‌ನಲ್ಲೂ ಓದುತ್ತೆ, ಆದರೆ ನೀವು ಹೇಳುವ ಆಟ ಅಲ್ಲಿಲ್ಲ. 2018ರ ಸೂಪರ್ ಮಾರಿಯೊ ಪಾರ್ಟಿಯಲ್ಲಿ ಗೊಂಬೆ ಹಚ್ಚಿದರೆ ಸ್ಟಿಕ್ಕರ್ ಸಿಗುತ್ತೆ, ಅಷ್ಟೆ. ಗೊಂಬೆಯಿಂದ ದಾಳ ಹಾಕುವ ಸುಖ 2015ರ ಮಾರಿಯೊ ಪಾರ್ಟಿ 10ರಲ್ಲೇ. ನಿಮ್ಮ ಅತ್ತೆಯವರಿಗೆ ಸ್ವಿಚ್ ಕೊಟ್ಟರೆ ವಾಪಸ್ ಎಸೆಯುತ್ತಾರೆ.

ಒಂದು ಎಚ್ಚರಿಕೆ. ವೀ ಯುಗೆ ಪ್ರದೇಶದ ಬೀಗ ಇದೆ. ಅಮೆರಿಕದ ಸೆಟ್ಟಿಗೆ ಅಮೆರಿಕದ ಡಿಸ್ಕೇ ಬೇಕು. ಗೊಂಬೆಗೆ ಆ ಬೀಗ ಇಲ್ಲ, ಯಾವ ದೇಶದ್ದಾದರೂ ನಡೆಯುತ್ತೆ. ಇನ್ನೊಂದು, ಒಂದು ಗೊಂಬೆಯಲ್ಲಿ ಒಂದೇ ಆಟದ ಲೆಕ್ಕ ನಿಲ್ಲುತ್ತೆ. ಮಕ್ಕಳು ಗೌಡನನ್ನ ಸ್ಮ್ಯಾಶ್ ಬ್ರದರ್ಸ್ ಆಟಕ್ಕೆ ಕೊಟ್ಟರೆ "ಹಳೆಯದು ಅಳಿಸಲಾ" ಅಂತ ಕೇಳುತ್ತೆ. ಮ್ಯಾಗ್ನೆಟ್‌ನಿಂದ ಆಗದ ಕೆಲಸ ಆಗ ಒಂದು ಬಟನ್ನಿನಿಂದ ಆಗುತ್ತೆ!

ನನ್ನ ಕಥೆ ಕೇಳಿ ಸಮಾಧಾನ ಮಾಡ್ಕೊಳ್ಳಿ. ಸ್ಕೈಲ್ಯಾಂಡರ್ಸ್ 2011ರಲ್ಲಿ ಬಂದಿದ್ದು, ಆಮೇಲೆ ವರ್ಷಕ್ಕೊಂದರಂತೆ 2016ರ ತನಕ. ನನಗೆ ಸಿಕ್ಕಿದ್ದು ಹಳೆ ಸಾಮಾನು. ಹನ್ನೊಂದು ಗೊಂಬೆ ಕೊಂಡೆ. ಆಮೇಲೆ ಗೊಂಬೆ ನಿಲ್ಲಿಸುವ ಪೋರ್ಟಲ್ ಕೊಂಡೆ. ಅದು ಎಕ್ಸ್‌ಬಾಕ್ಸ್ 360ದು, ನನ್ನ ಹತ್ತಿರ ಇರೋದು ಪ್ಲೇಸ್ಟೇಷನ್ 3. ಗೊಂಬೆ ಎಲ್ಲದಕ್ಕೂ ನಡೆಯುತ್ತೆ, ಎಕ್ಸ್‌ಬಾಕ್ಸಿನ ಪೋರ್ಟಲ್ ಮಾತ್ರ ಬೇರೆಯವರ ಮನೆಗೆ ಹೋಗಲ್ಲ. ಈಗ ಹನ್ನೊಂದೂ ಷೋಕೇಸಿನಲ್ಲಿ ಗಣಪತಿ ಪಕ್ಕ ನಿಂತಿವೆ. ಅಮ್ಮ ವಾರಕ್ಕೊಮ್ಮೆ ಒರೆಸ್ತಾರೆ.

---

ಬಿದ್ರಿ_ಬಾಬು:

ವೈಂಡಿಂಗ್ ಅಣ್ಣ ಹೇಳಿದ್ದು ಒಪ್ಪಿದೆ. ನಮ್ಮ ಮನೆಯಲ್ಲಿ ಟ್ಯಾಪ್ ಮಾಡುವ ಬ್ಯಾಂಕ್ ಕಾರ್ಡನ್ನ ಬಿದ್ರಿ ತಟ್ಟೆ ಮೇಲೆ ಇಟ್ಟು ಫೋನ್ ಹಿಡಿದು ನೋಡಿದೆ. ಓದಲಿಲ್ಲ. ತಟ್ಟೆಯಿಂದ ಎತ್ತಿ ಹಿಡಿದೆ, ಓದಿತು. ಸತು, ತಾಮ್ರ, ಮೇಲೆ ಬೆಳ್ಳಿ, ಎಲ್ಲ ಲೋಹವೇ ಅಲ್ವಾ. ಇಷ್ಟು ವರ್ಷ ಆ ತಟ್ಟೆ ಮಾರಿದವನು ನಾನು, ಇವತ್ತು ಅದರಿಂದ ಒಂದು ಪಾಠ ಆಯ್ತು.

ಆದರೂ ಕೇಳ್ತೀನಿ, ಅಕಸ್ಮಾತ್ ಗೊಂಬೆ ಎದ್ದೇಳದಿದ್ದರೆ ಸ್ಟಿಕ್ಕರ್ ಆಗಲ್ವಾ? ಆಟಕ್ಕೆ ಬೇಕಾಗಿದ್ದು ಚಿಪ್ ತಾನೇ.

---

ಶಹಾಪುರ_ಹುಡುಗ:

ಸ್ಟಿಕ್ಕರೂ ಬೇಕಿಲ್ಲ ಬಾಬಣ್ಣ. ಆ ಆಟಕ್ಕೆ ಒಂದು ಗೊಂಬೆ ಇದ್ದರೆ ಸಾಕು, ನಾಲ್ಕು ಜನ ಆಡಬಹುದು. ಗೊಂಬೆ ಇಲ್ಲದವರಿಗೆ ಟಿವಿಯಲ್ಲಿ ರಟ್ಟಿನ ಪಾತ್ರ ಕೊಡುತ್ತೆ.

---

ಸೇಡಂರೋಡ್_ಸೊಸೆ:

ಆ ರಟ್ಟಿನ ಗೌಡನನ್ನ ಮೊನ್ನೆಯೇ ತೋರಿಸಿದ್ದೆ ತಮ್ಮಾ. ಅತ್ತೆ ನೋಡಿ, "ಕೈಯಾಗ ಏನೂ ಇಲ್ಲ, ಏನ್ ಊದ್ಲಿ?" ಅಂದರು. ಬಾಬು ಅಣ್ಣಾರ, ಸ್ಟಿಕ್ಕರಿಗೂ ಅದೇ ಉತ್ತರ ಬರ್ತದೆ. ಮಕ್ಕಳಿಗೆ ಆಟ ಟಿವಿಯಲ್ಲಿದೆ. ಅತ್ತೆಗೆ ಆಟ ಅಂಗೈಯಲ್ಲಿದೆ. ಚಿಕ್ಕಂದಿನಲ್ಲಿ ಗುಡಿ ಕಟ್ಟೆಯ ಮೇಲೆ ಹುಣಸೆ ಬೀಜ ಒಡೆದು ಚೌಕಾಬಾರ ಆಡಿದ ಕೈ ಅದು. ನಾನು ಮೊದಲು ಇವರಿಗೆ ಟಿವಿ ಆಟ ಯಾಕೆ ಅಂತ ಅಂದುಕೊಂಡಿದ್ದೆ. ಈಗ ಗೌಡ ಇಲ್ಲದ ಮೂರು ದಿನ ಅವರು ನಮ್ಮ ಜೊತೆ ಕೂತೇ ಇಲ್ಲ, ಒಳಗೆ ಹೋಗಿ ಧಾರಾವಾಹಿ ನೋಡ್ತಾರೆ.

ಇವತ್ತು ಮಧ್ಯಾಹ್ನ ಫ್ರೀಜರಿನಲ್ಲಿ ಇಟ್ಟಿದ್ದೇನೆ. ಮಾವಿನ ರಸದ ಡಬ್ಬಿ ಪಕ್ಕ ಮಲಗಿದ್ದಾನೆ.

---

ಸೇಡಂರೋಡ್_ಸೊಸೆ:

ಬಂತು! ಮೊದಲನೇ ಸಲ ತಿರುಚಿದಾಗ ಅಲುಗಲಿಲ್ಲ. ಮತ್ತೆ ಎರಡು ಗಂಟೆ ಇಟ್ಟೆ. ನಡುವೆ ಕರೆಂಟ್ ಹೋಗಿ ನನ್ನ ಜೀವ ಹೋಯ್ತು. ಎರಡನೇ ಸಲ ಚಟ್ ಅಂತ ಬಿಟ್ಟಿತು. ಪೀಠದ ಕೆಳಗೆ ಅಂಟಿನ ಬಿಳಿ ಕಲೆ ಉಳಿದಿದೆ, ಇರಲಿ. ಯಜಮಾನರ ಫೋನಿನಲ್ಲಿ ಎನ್‌ಟ್ಯಾಗ್ 215 ಅಂತ ತೋರಿಸಿತು. ಮಗ ಅದನ್ನೇ ನಾಲ್ಕು ಸಲ ಓದಿದ.

ರಾತ್ರಿ ಪ್ಯಾಡಿಗೆ ಹಚ್ಚುವಾಗ ಯಾರೂ ಮಾತಾಡಲಿಲ್ಲ. ಅತ್ತೆ ಉಜ್ಜಿದರು, ಊದಿದರು, ಟಪ್. ಟೋಕನ್ ಒಂದೂ ಕಡಿಮೆ ಆಗಿಲ್ಲ. ದಾಳದಲ್ಲಿ ಬಿದ್ದಿದ್ದು ಒಂದು. "ಮೂರು ದಿನ ತಣ್ಣಗ ಕುಂತು ಸೋಂಬೇರಿ ಆಗ್ಯಾನ" ಅಂದರು. ಕೂತಿದ್ದು ಒಂದೇ ಮಧ್ಯಾಹ್ನ, ಆದರೆ ಯಾರು ತಿದ್ದೋಕೆ ಹೋಗ್ತಾರೆ. ಪಂದ್ಯದಲ್ಲಿ ನಾನು ಸೋತೆ, ಬೈಸಿಕೊಂಡೆ.

ವೈಂಡಿಂಗ್ ಅಣ್ಣಾರಿಗೆ ಕೊನೆಯದಾಗಿ ಒಂದು ಪ್ರಶ್ನೆ. ಗೌಡನನ್ನ ಈಗ ಅಲಮಾರಿಗೆ ಅಂಟಿಸೋದಿಲ್ಲ. ಅತ್ತೆ ತಮ್ಮ ಎಲೆ ಅಡಿಕೆ ಸಂಚಿಯಲ್ಲಿ ಇಟ್ಟುಕೊಂಡಿದ್ದಾರೆ. ಅದರಲ್ಲಿ ಹಿತ್ತಾಳೆಯ ಸುಣ್ಣದ ಡಬ್ಬಿ ಇದೆ, ಅಡಕತ್ತರಿ ಇದೆ. ಏನಾದರೂ ಆಗುತ್ತಾ?

---

ವೈಂಡಿಂಗ್_ವಾಲಾ:

ಏನೂ ಆಗಲ್ಲ ಅಕ್ಕಾರೆ. ಸಂಚಿ ಸಮೇತ ಪ್ಯಾಡಿಗೆ ಹಚ್ಚಬೇಡಿ ಅಂತ ಹೇಳಿ, ಸಾಕು. ಸುಣ್ಣದ ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿ ಹಾಕಿರಲಿ, ಗೌಡರ ಮೀಸೆ ಬೆಳ್ಳಗಾದೀತು.