ಗ್ಲಾಕೋಮಾ ಹನಿಗಳ ಕೆಲಸ ಹೇಳಲು ‘ಊರು’, ‘ಬಸಿ’ ಹೊಂದುತ್ತವೆಯೇ?

ಎಲ್ಲರಿಗೂ ನಮಸ್ಕಾರ.

ಸೋಮವಾರಪೇಟೆ ಕಡೆಯ ಹಿರಿಯರಿಗಾಗಿ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಔಷಧಿಗಳ ಬಗ್ಗೆ ಒಂದು ಪುಟದ ಕರಪತ್ರ ಬರೆಯುತ್ತಿದ್ದೇನೆ. ಅದರಲ್ಲಿ ಬರುವ ಎರಡು ಕ್ರಿಯಾಪದಗಳ ಬಗ್ಗೆ ನಿಮ್ಮ ಮಾತು ಬೇಕು.

‘ಕಣ್ಣಿನ ಪ್ರೆಶರ್ ಇಳಿಸುವ ಹನಿ’ ಅಂತಲೇ ಎಲ್ಲರೂ ಹೇಳುವುದು. ತಪ್ಪೇನಿಲ್ಲ, ಆದರೆ ಸಾಲದು. ನಮ್ಮ ಪಕ್ಕದ ಮನೆಯ ಅಜ್ಜಿಗೆ ಡಾಕ್ಟರು ಎರಡು ಬಾಟಲಿ ಬರೆದುಕೊಟ್ಟಿದ್ದಾರೆ: ಟಿಮೊಲಾಲ್ ಮತ್ತು ಲಟಾನೊಪ್ರೋಸ್ಟ್. “ಎರಡೂ ಪ್ರೆಶರಿಗೇ ಅಲ್ವಾ, ಒಂದು ಮುಗಿದ ಮೇಲೆ ಇನ್ನೊಂದು ಹಾಕಿದ್ರಾಯ್ತು” ಎಂದು ಲಟಾನೊಪ್ರೋಸ್ಟನ್ನು ಸೀಲು ಒಡೆಯದೆ ಫ್ರಿಜ್ಜಿನ ಬಾಗಿಲಲ್ಲಿ ಇಟ್ಟುಬಿಟ್ಟಿದ್ದರು. ಎರಡರ ಕೆಲಸ ಬೇರೆ ಬೇರೆ ಅಂತ ಯಾರೂ ಹೇಳದಿದ್ದರೆ ಅವರಿಗೆ ಗೊತ್ತಾಗುವುದಾದರೂ ಹೇಗೆ?

ಕಣ್ಣಿನ ಒಳಗೆ, ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಹಿಂದೆ, ತಿಳಿಯಾದ ದ್ರವ ಇರುತ್ತದೆ. ಕಣ್ಣೀರು ಬೇರೆ, ಇದು ಬೇರೆ. ಐರಿಸ್‌ನ (ಪಾಪೆಯ ಸುತ್ತಲಿನ ಬಣ್ಣದ ಭಾಗದ) ಹಿಂದಿರುವ ಸಿಲಿಯರಿ ಬಾಡಿ ಎಂಬ ಭಾಗ ಇದನ್ನು ಸದಾ ತಯಾರಿಸುತ್ತಿರುತ್ತದೆ; ಹಗಲಿನಲ್ಲಿ ನಿಮಿಷಕ್ಕೆ ಸುಮಾರು 2ರಿಂದ 3 ಮೈಕ್ರೋಲೀಟರ್. ಪಾಪೆಯ ಮೂಲಕ ಮುಂದೆ ಬಂದು, ಐರಿಸ್ ಮತ್ತು ಕಾರ್ನಿಯಾ ಸೇರುವ ಮೂಲೆಯ ಜಾಲರಿಯಲ್ಲಿ ಸೋಸಿಕೊಂಡು ಅದು ರಕ್ತಕ್ಕೆ ಸೇರುತ್ತದೆ. ಹೋಗುವ ದಾರಿ ಬಿಗಿಯಾದರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದಷ್ಟು ಇರಬೇಕಾದದ್ದು ಹೆಚ್ಚಾಗಿ, ಕಣ್ಣಿನ ನರಕ್ಕೆ ಪೆಟ್ಟು ಬೀಳುತ್ತದೆ. ಹೋದ ನೋಟ ವಾಪಸ್ ಬರುವುದಿಲ್ಲ.

ಟಿಮೊಲಾಲ್, ಡಾರ್ಜೊಲಮೈಡ್ ಈ ನೀರು ತಯಾರಾಗುವುದನ್ನೇ ಕಡಿಮೆ ಮಾಡುತ್ತವೆ. ಲಟಾನೊಪ್ರೋಸ್ಟ್ ನೀರು ಹೊರಗೆ ಹೋಗಲು ನೆರವಾಗುತ್ತದೆ, ಅದೂ ಮುಖ್ಯವಾಗಿ ಜಾಲರಿಯಿಂದಲ್ಲ, ಸಿಲಿಯರಿ ಸ್ನಾಯುವಿನ ಎಳೆಗಳ ನಡುವಿನ ಇನ್ನೊಂದು ದಾರಿಯಿಂದ. ಹಳೆಯ ಔಷಧಿ ಪೈಲೊಕಾರ್ಪಿನ್ ಅದೇ ಸ್ನಾಯುವನ್ನು ಬಿಗಿ ಮಾಡಿ ಜಾಲರಿಯನ್ನು ಎಳೆದು ಬಿಡಿಸುತ್ತದೆ. ಬ್ರಿಮೊನಿಡಿನ್ ಎರಡೂ ಕೆಲಸ ಮಾಡುತ್ತದೆ: ನೀರು ತಯಾರಾಗುವುದನ್ನು ತಗ್ಗಿಸುತ್ತದೆ, ಹೊರಗೆ ಹೋಗಲೂ ನೆರವಾಗುತ್ತದೆ.

‘ಉತ್ಪಾದನೆ’, ‘ಹೊರಹರಿವು’ ಬರೆಯಬಹುದಿತ್ತು. ಆದರೆ ಹೊರಹರಿವು ಅಂದಕೂಡಲೇ ಇಲ್ಲಿಯವರಿಗೆ ನೆನಪಾಗುವುದು ಮಳೆಗಾಲದ ಹಾರಂಗಿ ಡ್ಯಾಮಿನ ಸುದ್ದಿ. ಕಣ್ಣಿನಲ್ಲಿ ನಡೆಯುವುದು ಅಷ್ಟು ಜೋರಿನ ಕೆಲಸ ಅಲ್ಲ. ಗಂಜಿ ಬಸಿಯುತ್ತೇವೆ, ಗದ್ದೆಗೆ ಬಸಿಗಾಲುವೆ ತೆಗೆಯುತ್ತೇವೆ. ಹಾಗಾಗಿ ‘ನೀರು ಬಸಿದುಹೋಗಲು ನೆರವಾಗುವ ಹನಿ’ ನನಗೆ ಸರಿ ಅನ್ನಿಸುತ್ತದೆ. ಇನ್ನೊಂದಕ್ಕೆ ‘ನೀರು ಊರುವುದನ್ನು ತಗ್ಗಿಸುವ ಹನಿ’ ಎಂದಿದ್ದೇನೆ. ಬಾವಿಯಲ್ಲಿ ನೀರು ಊರುತ್ತದೆ, ಸರಿ. ಆದರೆ ಕಣ್ಣಲ್ಲಿ ನೀರು ಊರುವುದು ಅಂದರೆ ಓದುವವರು ಕಣ್ಣೀರು ಅಂದುಕೊಳ್ಳುವುದಿಲ್ಲವೇ? ‘ಒಸರು’ ಗಾಯದ ಕಡೆ ಎಳೆಯುತ್ತದೆ, ‘ಜಿನುಗು’ ಮತ್ತೆ ಹೊರಗಿನ ನೀರೇ. ‘ಕಣ್ಣೊಳಗೆ ಊರುವ ನೀರು’ ಎಂದರೆ ಗೊಂದಲ ತಪ್ಪೀತೇ?

ಒತ್ತಡದ ಬಗ್ಗೆಯೂ ಒಂದು ಮಾತು. ‘ಪ್ರೆಶರ್’ ಅಂದರೆ ಬಿಪಿ ಅಂದುಕೊಳ್ಳುತ್ತಾರೆ. ‘ಕಣ್ಣಿನ ಒತ್ತಡ’ ಅಂದರೆ ಮೊಬೈಲ್ ಜಾಸ್ತಿ ನೋಡಿದ್ದಕ್ಕೆ ಆಗುವ ಆಯಾಸ ಅಂದುಕೊಳ್ಳುತ್ತಾರೆ. ‘ಕಣ್ಣೊಳಗಿನ ಒತ್ತಡ’ ಎಂದೇ ಉಳಿಸಿಕೊಂಡಿದ್ದೇನೆ.

ಇನ್ನೊಂದು ಪದಕ್ಕೆ ನಿಮ್ಮ ನೆರವು ಬೇಕೇಬೇಕು. ಟಿಮೊಲಾಲ್ ಹನಿ ಮೂಗಿನ ಕಡೆ ಇಳಿದು ರಕ್ತ ಸೇರುತ್ತದೆ. ಉಸಿರುನಾಳ ಬಿಗಿಯಬಹುದು, ನಾಡಿ ನಿಧಾನವಾಗಬಹುದು. ಅಸ್ತಮಾ ಇರುವವರು ಡಾಕ್ಟರಿಗೆ ಮೊದಲೇ ಹೇಳಲೇಬೇಕು. ಈ ಸಾಲಿನಲ್ಲಿ ‘ಅಸ್ತಮಾ’ ಸಾಕೇ, ‘ಉಬ್ಬಸ’, ‘ದಮ್ಮು’ ಕೂಡ ಸೇರಿಸಬೇಕೇ? ಮನೆಯಲ್ಲಿ ಅರೆಭಾಷೆ, ಕೊಡವ ತಕ್ಕ್ ಆಡುವವರು ನಿಮ್ಮ ಹಿರಿಯರು ಇದಕ್ಕೆ ಏನೆನ್ನುತ್ತಾರೆ ಎಂದು ದಯವಿಟ್ಟು ಬರೆಯಿರಿ. ಆ ಪದಗಳನ್ನೂ ಅದೇ ಸಾಲಿಗೆ ಹಾಕುತ್ತೇನೆ.