ಪದಚರ್ಚೆ: ಆಕ್ಯುರಸಿ, ಪ್ರಿಸಿಷನ್ ಎರಡಕ್ಕೂ ‘ನಿಖರತೆ’ ಸಾಕೇ?

ಎಲ್ಲರಿಗೂ ನಮಸ್ಕಾರ.

ರಾಯಚೂರಿನ ಮೆಕ್ಯಾನಿಕಲ್ ಡಿಪ್ಲೊಮಾ ಹುಡುಗರಿಗೆ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ಹತ್ತಿರವೇ ಇರುವುದರಿಂದ ಬಾಯ್ಲರು, ಕಂಡೆನ್ಸರು ಇವರಿಗೆ ಹೊಸ ಮಾತಲ್ಲ. ನಾನು ಸಿಕ್ಕಿಕೊಂಡಿರುವುದು ಬೇರೆ ಕಡೆ: ಆಕ್ಯುರಸಿ, ಪ್ರಿಸಿಷನ್ ಎಂಬ ಎರಡು ಮಾತಿಗೆ ಬೇರೆ ಬೇರೆ ಕನ್ನಡ ಪದ ಹುಡುಕುವಲ್ಲಿ. ಯಾಕೆ ಬೇಕು ಅನ್ನುವುದಕ್ಕೆ ಒಂದು ಪ್ರಯೋಗ ನೋಡಿ.

ಗಾಳಿ ಬೀಸುವಾಗ ಒಂದು ಮೇಲ್ಮೈಯಿಂದ ಎಷ್ಟು ಶಾಖ ಹೋಗುತ್ತದೆ ಅಂತ ಜಾಗ ಜಾಗದಲ್ಲೂ ಅಳೆಯುವುದು ಕಷ್ಟ. ಪಕ್ಕದ ಲೋಹಕ್ಕೂ ಶಾಖ ಸೋರುತ್ತದೆ. ಅದಕ್ಕೆ ಅದೇ ಆಕಾರವನ್ನು ನ್ಯಾಫ್ತಲೀನಿನಲ್ಲಿ, ಅಂದರೆ ನಮ್ಮ ಡಾಂಬರ್ ಗುಳಿಗೆಯ ಸರಕಿನಲ್ಲಿ, ಎರಕ ಹೊಯ್ದು ಗಾಳಿಗೆ ಒಡ್ಡುತ್ತಾರೆ. ಅದು ಕರಗದೆ ನೇರವಾಗಿ ಆವಿಯಾಗುತ್ತದೆ. ಎಲ್ಲಿ ಎಷ್ಟು ಸವೆದಿದೆ ಅಂತ ನೋಡಿ ಶಾಖದ ಲೆಕ್ಕ ಹಾಕುತ್ತಾರೆ. 1934ರಲ್ಲಿ ಚಿಲ್ಟನ್ ಮತ್ತು ಕೋಲ್‌ಬರ್ನ್ ಎಂಬ ಎಂಜಿನಿಯರುಗಳು ಶಾಖ ಸಾಗುವುದಕ್ಕೂ ವಸ್ತು ಸಾಗುವುದಕ್ಕೂ ಕೊಟ್ಟ ಹೋಲಿಕೆಯೂ ಇದೇ ದಾರಿಯದು.

ಈ ಲೆಕ್ಕಕ್ಕೆ ಬೇಕಾಗುವ ನ್ಯಾಫ್ತಲೀನಿನ ಆವಿಯ ಒತ್ತಡ 1 ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 10% ಏರುತ್ತದೆ. ಥರ್ಮಾಮೀಟರ್ ಯಾವಾಗಲೂ ಅರ್ಧ ಡಿಗ್ರಿ ತಪ್ಪು ತೋರಿಸುತ್ತಿದ್ದರೆ, ಎಷ್ಟು ಸಲ ಮಾಡಿದರೂ ಅದೇ 5% ತಪ್ಪು. ಅಳತೆಗಳೆಲ್ಲ ಒಂದಕ್ಕೊಂದು ಚೆನ್ನಾಗಿ ಹೊಂದುತ್ತವೆ, ನಿಜಕ್ಕೆ ಮಾತ್ರ ದೂರ. ನಮ್ಮೂರ ಬೇಸಿಗೆಯಲ್ಲಿ ಪ್ರಯೋಗವನ್ನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಎಳೆದರೆ ಕೋಣೆಯೇ ಕಾದುಹೋಗಿ ಆ ಹೊಂದಿಕೆಯೂ ಕೆಡುತ್ತದೆ.

ಇನ್ನು, ಸವೆತದಿಂದ ಶಾಖಕ್ಕೆ ಬರುವಾಗ ಶ್ಮಿಟ್ ಸಂಖ್ಯೆ (ಗಾಳಿಯಲ್ಲಿ ಆವಿ ಹರಡುವ ಬಗೆ ಹೇಳುವುದು, ಇಲ್ಲಿ ಸುಮಾರು 2.3) ಮತ್ತು ಗಾಳಿಯ ಪ್ರಾಂಟಲ್ ಸಂಖ್ಯೆ (ಶಾಖ ಹರಡುವ ಬಗೆ ಹೇಳುವುದು, 0.71) ಇವುಗಳ ಅನುಪಾತಕ್ಕೆ ಒಂದು ಘಾತ ಹಾಕಬೇಕು. 0.33 ಹಾಕಿದರೆ ಒಂದು ಉತ್ತರ, 0.4 ಹಾಕಿದರೆ ಅದಕ್ಕಿಂತ ಸುಮಾರು 8% ಕಡಿಮೆ. ಸವೆತ ತೂಗುವ ತಕ್ಕಡಿ ಎಷ್ಟೇ ಸೂಕ್ಷ್ಮವಾಗಿದ್ದರೂ ಈ ತಪ್ಪನ್ನು ಹಿಡಿಯಲಾರದು, ಅಲ್ವಾ?

ನಿಜಕ್ಕೆ ಹತ್ತಿರವಿರುವುದು ಆಕ್ಯುರಸಿ, ಅಳತೆಗಳು ತಮ್ಮತಮ್ಮಲ್ಲೇ ಹತ್ತಿರವಿರುವುದು ಪ್ರಿಸಿಷನ್. ಎರಡಕ್ಕೂ ‘ನಿಖರತೆ’ ಅಂದುಬಿಟ್ಟರೆ ಹುಡುಗರಿಗೆ ಈ ಪ್ರಯೋಗದ ಮುಖ್ಯ ವಿಷಯವೇ ತಪ್ಪಿಹೋಗುತ್ತದೆ. ‘ಕರಾರುವಾಕ್ಕು’ ಒಳ್ಳೆಯ ಮಾತು, ಜನ ದಿನಾ ಆಡುವ ಮಾತು. ಆದರೆ ಅದರಲ್ಲೂ ‘ತಪ್ಪಿಲ್ಲದ್ದು’ ಅನ್ನುವ ಅರ್ಥ ಸೇರಿಕೊಂಡಿದೆ. ಸದ್ಯಕ್ಕೆ ಆಕ್ಯುರಸಿಗೆ ‘ನಿಖರತೆ’ಯನ್ನೇ ಇಟ್ಟುಕೊಂಡು, ಪ್ರಿಸಿಷನ್‌ಗೆ ‘ಅಳತೆಯ ಒಮ್ಮತ’ ಅಂತ ಬರೆದಿದ್ದೇನೆ. ಒಮ್ಮತ ಮನುಷ್ಯರಿಗೆ ಹೇಳುವ ಮಾತು, ಅಳತೆಗೆ ಒಗ್ಗುತ್ತದೆಯೇ? ಅಕ್ಕಸಾಲಿಗರು, ಬಡಗಿಗಳು, ಲೇತ್ ಕೆಲಸದವರು ಇದಕ್ಕೆ ಬೇರೆ ಮಾತು ಬಳಸುವುದನ್ನು ಯಾರಾದರೂ ಕೇಳಿದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು. ಮಾಸ್ ಟ್ರಾನ್ಸ್‌ಫರ್‌ಗೆ, ಅಂದರೆ ಇಲ್ಲಿ ನ್ಯಾಫ್ತಲೀನ್ ಆವಿಯಾಗಿ ಗಾಳಿಗೆ ಹೋಗುವ ಹಾಗೆ ವಸ್ತು ಸಾಗುವುದಕ್ಕೆ, ‘ದ್ರವ್ಯ ಸಾಗಣೆ’ ಅಂತ ಹಾಕಿದ್ದೇನೆ. ಮಾಸ್‌ಗೆ ‘ರಾಶಿ’ ಅನ್ನಬಹುದಿತ್ತು, ಆದರೆ ನಮ್ಮ ಕಡೆ ‘ರಾಶಿ’ ಅಂದರೆ ಮೊದಲು ಒಕ್ಕಣೆ ಕಣದ ಕಾಳಿನ ರಾಶಿಯೇ ನೆನಪಾಗುವುದರಿಂದ ಆ ಪದ ಬಿಟ್ಟೆ. ಬೇರೆ ಜಿಲ್ಲೆಯವರು ಏನನ್ನುತ್ತೀರಿ?